ಕಾರು ನಿಲ್ಲಿಸಿ, ಹುರಿಯುಂಡೆ ನೋಡಿ!

ಅಮೆರಿಕದಲ್ಲಿ ಬೇಸಿಗೆ ರಜೆ ಬಂತೆಂದರೆ ಎಷ್ಟೋ ಸಂಸಾರಗಳು ಕಾರು ಹತ್ತಿ ಹೊರಟುಬಿಡುತ್ತವೆ. ಡಿಕ್ಕಿ ತುಂಬ ಸಾಮಾನು, ಹಿಂದಿನ ಸೀಟಿನಲ್ಲಿ ಮಕ್ಕಳು, ಮುಂದೆ ಗೆರೆ ಎಳೆದಂಥ ರಸ್ತೆ. ದೇಶದ ನಡುವಿನ ಬಯಲುಸೀಮೆ ಹೊಕ್ಕರೆ ಮುಗಿಯಿತು. ಎರಡೂ ಬದಿಗೆ ಗೋಧಿ, ಮೆಕ್ಕೆಜೋಳ, ಹುಲ್ಲುಗಾವಲು ಬಿಟ್ಟು ಬೇರೇನೂ ಕಾಣದು. ‘ಅಪ್ಪಾ, ಇನ್ನೂ ಎಷ್ಟು ದೂರ?’ ಎಂಬ ರಾಗ ಹಿಂದಿನಿಂದ ಶುರುವಾಗುತ್ತದೆ.

ಆಗ ದಾರಿ ಬದಿಯಲ್ಲಿ ಒಂದು ಬೋರ್ಡು ಕಾಣುತ್ತದೆ: ಜಗತ್ತಿನ ಅತಿ ದೊಡ್ಡ ಹುರಿಯುಂಡೆ ಇಲ್ಲಿದೆ!

ನಗಬೇಡಿ. ಅದನ್ನು ನೋಡಲೆಂದೇ ಜನ ಹೆದ್ದಾರಿ ಬಿಟ್ಟು ಬರುತ್ತಾರೆ. ಇಂಥ ವಿಚಿತ್ರಗಳು ಆ ದೇಶದ ರಸ್ತೆಗಳ ಪಕ್ಕದಲ್ಲಿ ಬೇಕಾದಷ್ಟಿವೆ. ಆದರೆ ಇವೆಲ್ಲ ಬರೀ ಹುಚ್ಚಾಟವೇ? ಒಂದೆರಡರ ಕಥೆ ಕೇಳಿದ ಮೇಲೆ ನೀವೇ ಹೇಳಿ.

ಐಸ್ ನೀರಿನ ಮಹಿಮೆ

ದಕ್ಷಿಣ ಡಕೋಟ ರಾಜ್ಯದ ವಾಲ್ ಒಂದು ಪುಟ್ಟ ಊರು. ಟೆಡ್ ಹಸ್ಟೆಡ್ ಮತ್ತು ಅವರ ಪತ್ನಿ ಡೊರೊಥಿ 1931ರಲ್ಲಿ ಅಲ್ಲಿನ ಔಷಧಿ ಅಂಗಡಿಯನ್ನು ಕೊಂಡರು. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಗಿರಾಕಿಗಳೇ ಇಲ್ಲ. ಕಾರುಗಳು ಮಾತ್ರ ಊರನ್ನು ತಿರುಗಿಯೂ ನೋಡದೆ ಓಡುತ್ತಿದ್ದವು. 1936ರ ಬೇಸಿಗೆಯ ಒಂದು ದಿನ ಡೊರೊಥಿಗೆ ಹೊಳೆಯಿತು: ಈ ಉರಿಬಿಸಿಲಿನಲ್ಲಿ ಹೋಗುವವರಿಗೆ ಬಾಯಾರಿಕೆ ಆಗದೇ ಇರುತ್ತದೆಯೇ? ‘ಐಸ್ ನೀರು ಉಚಿತ’ ಎಂದು ದಾರಿಯುದ್ದಕ್ಕೂ ಬೋರ್ಡು ನೆಟ್ಟರು. ಜನ ನಿಂತರು. ನೀರು ಕುಡಿದವರು ಅಷ್ಟಿಷ್ಟು ಕೊಂಡರು.

ಇಂದು ಆ ಅಂಗಡಿ ದೊಡ್ಡ ಸಂತೆಯಷ್ಟು ಬೆಳೆದಿದೆ. ಮಕ್ಕಳಿಗೆ ಅಲ್ಲಿ ಡೈನೊಸಾರ್ ಬೊಂಬೆಯೂ ಉಂಟು. ಐಸ್ ನೀರು ಮಾತ್ರ ಈಗಲೂ ಉಚಿತವೇ!

ಎಸೆಯದ ಹುರಿ

ಈಗ ಹುರಿಯುಂಡೆಗೆ ಬರೋಣ. ಕ್ಯಾನ್ಸಾಸ್ ರಾಜ್ಯದ ಕಾಕರ್ ಸಿಟಿಯ ರೈತ ಫ್ರಾಂಕ್ ಸ್ಟೋಬರ್ 1953ರಲ್ಲಿ, ಹುಲ್ಲಿನ ಕಟ್ಟು ಬಿಚ್ಚಿದಾಗ ಉಳಿಯುವ ಹುರಿಯ ತುಂಡುಗಳನ್ನು ಎಸೆಯದೆ ಸುತ್ತತೊಡಗಿದರು. 1961ರ ಹೊತ್ತಿಗೆ ಉಂಡೆ 11 ಅಡಿ ಅಗಲವಾಗಿತ್ತು. ಅದನ್ನು ಊರಿಗೆ ಕೊಟ್ಟುಬಿಟ್ಟರು. ಅವರು ತೀರಿಕೊಂಡದ್ದು 1974ರಲ್ಲಿ. ಆದರೆ ಉಂಡೆ ಬೆಳೆಯುವುದು ನಿಲ್ಲಲಿಲ್ಲ. ಪ್ರತಿ ಆಗಸ್ಟ್‌ನಲ್ಲಿ ಊರಿನವರು ಹಬ್ಬ ಮಾಡಿ ಇನ್ನಷ್ಟು ಹುರಿ ಸುತ್ತುತ್ತಾರೆ. ಬಂದ ಪ್ರವಾಸಿಗಳೂ ಕೈ ಸೇರಿಸಬಹುದು. ಈಗ ಅದರ ತೂಕ 9 ಟನ್‌ಗೂ ಮಿಗಿಲು.

ಇದಕ್ಕೊಬ್ಬ ಪ್ರತಿಸ್ಪರ್ಧಿಯೂ ಇದ್ದಾನೆ! ಮಿನ್ನೆಸೋಟದ ಡಾರ್ವಿನ್ ಎಂಬ ಊರಿನಲ್ಲಿ ಫ್ರಾನ್ಸಿಸ್ ಜಾನ್ಸನ್ 1950ರಿಂದ 29 ವರ್ಷ ಸುತ್ತಿದ 12 ಅಡಿಯ ಉಂಡೆಯಿದೆ. ‘ನಮ್ಮದು ಒಬ್ಬನೇ ಮನುಷ್ಯ ಸುತ್ತಿದ್ದು’ ಎಂಬುದು ಆ ಊರಿನ ಹೆಮ್ಮೆ.

ಅಪ್ಪನ ನೆನಪಿಗೆ ಕಾರುಗಳು

ಇಂಗ್ಲೆಂಡಿನ ಸ್ಟೋನ್‌ಹೆಂಜ್ ಶಿಲಾವೃತ್ತವನ್ನು ಪಠ್ಯಪುಸ್ತಕದಲ್ಲಿ ನೋಡಿರುತ್ತೀರಿ. ನೆಬ್ರಾಸ್ಕದ ಅಲಯನ್ಸ್ ಬಳಿ ಅದರ ಪ್ರತಿರೂಪವೇ ಇದೆ, ಆದರೆ ಕಲ್ಲಿನದಲ್ಲ. ಹಳೆಯ ಕಾರುಗಳನ್ನು ನೆಟ್ಟಗೆ ಹೂತು, ಮೇಲೆ ಅಡ್ಡಲಾಗಿ ಬೇರೆ ಕಾರುಗಳನ್ನು ಕೂರಿಸಿ, ಬೂದು ಬಣ್ಣ ಬಳಿದಿದ್ದಾರೆ. ಜಿಮ್ ರೈಂಡರ್ಸ್ ಎಂಬುವರು 1987ರಲ್ಲಿ ಬಂಧುಬಳಗವನ್ನೆಲ್ಲ ಕೂಡಿಸಿಕೊಂಡು, ತೀರಿಹೋದ ತಂದೆಯ ನೆನಪಿಗೆಂದು ಅವರ ಹೊಲದಲ್ಲೇ ಇದನ್ನು ಕಟ್ಟಿದರು. ಹೆಸರು ಕಾರ್‌ಹೆಂಜ್. ಊರಿನವರಿಗೆ ಮೊದಲು ಇದು ಕಣ್ಣಿಗೆ ಚುಚ್ಚಿತು. ಕೆಡವಬೇಕೆಂಬ ಮಾತೂ ಎದ್ದಿತ್ತು. ಈಗ ಅದೇ ಆ ಊರಿನ ಗುರುತು!

ಮೇಷ್ಟರ ಹೆದ್ದಾರಿ

ಇದಕ್ಕೆಲ್ಲ ಹಿನ್ನೆಲೆಯೊಂದಿದೆ. 1956ರ ಕಾಯ್ದೆಯ ಮೇರೆಗೆ ಅಮೆರಿಕದಲ್ಲಿ ವಿಶಾಲವಾದ ಅಂತರರಾಜ್ಯ ಹೆದ್ದಾರಿಗಳು ಬಂದವು. ಅವು ಊರೊಳಗೆ ಹೋಗದೆ ಪಕ್ಕದಲ್ಲೇ ಹಾದುಹೋದವು. ಹಳೆಯ ರಸ್ತೆಯನ್ನು ನಂಬಿದ್ದ ಹೋಟೆಲು, ಪೆಟ್ರೋಲ್ ಬಂಕುಗಳು ಮುಚ್ಚಿದವು. 1926ರಿಂದ ಹೆಸರುವಾಸಿಯಾಗಿದ್ದ 66ನೇ ನಂಬರಿನ ರಸ್ತೆಯೇ 1985ರಲ್ಲಿ ಅಧಿಕೃತ ಪಟ್ಟಿಯಿಂದ ಬಿದ್ದುಹೋಯಿತು. ದಾರಿ ತಪ್ಪಿದ ಊರುಗಳಿಗೆ ಉಳಿದದ್ದು ಒಂದೇ ಪ್ರಶ್ನೆ: ಓಡುವ ಕಾರನ್ನು ನಿಲ್ಲಿಸುವುದು ಹೇಗೆ?

ಉತ್ತರ ಡಕೋಟದ ರೀಜೆಂಟ್ ಊರಿಗೆ ಇದಕ್ಕೆ ಉತ್ತರ ಹುಡುಕಿದವರು ಶಾಲೆಯಲ್ಲಿ ಪಾಠ ಮಾಡಿದ್ದ ಗ್ಯಾರಿ ಗ್ರೆಫ್. ತಮ್ಮೂರು ಖಾಲಿಯಾಗುವುದನ್ನು ಅವರಿಂದ ನೋಡಲಾಗಲಿಲ್ಲ. ಶಿಲ್ಪಕಲೆ ಗೊತ್ತಿಲ್ಲ, ವೆಲ್ಡಿಂಗ್ ಗೊತ್ತಿಲ್ಲ. ಆದರೂ 1989ರಲ್ಲಿ ಕೆಲಸಕ್ಕಿಳಿದರು. ಹೆದ್ದಾರಿಯಿಂದ ಊರಿನವರೆಗೆ ಸುಮಾರು 50 ಕಿಲೋಮೀಟರ್ ರಸ್ತೆಯ ಪಕ್ಕದಲ್ಲಿ, ಗುಜರಿ ಕಬ್ಬಿಣ ಮತ್ತು ಹಳೆಯ ಟ್ಯಾಂಕುಗಳಿಂದ ತಗಡಿನ ಸಂಸಾರ, ಮಿಡತೆಗಳು, ಮೀನುಗಳನ್ನು ಆಳೆತ್ತರವಲ್ಲ, ಮನೆಗಿಂತ ಎತ್ತರಕ್ಕೆ ನಿಲ್ಲಿಸಿದರು. 2001ರಲ್ಲಿ ಎದ್ದುನಿಂತ ‘ಹಾರುವ ಹೆಬ್ಬಾತುಗಳು’ 110 ಅಡಿ ಎತ್ತರವಿದ್ದು ಗಿನ್ನೆಸ್ ದಾಖಲೆ ಸೇರಿತು.

ಊರು ಬೆಳೆಯಿತೇ? ಇಲ್ಲ. 2020ರ ಜನಗಣತಿಯಲ್ಲೂ ರೀಜೆಂಟ್‌ನ ಜನಸಂಖ್ಯೆ 200 ದಾಟಿರಲಿಲ್ಲ. ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ಕಟ್ಟಡವನ್ನೇ ಗ್ರೆಫ್ ಕೋಟೆಯ ಆಕಾರದ ಹೋಟೆಲಾಗಿ ಮಾಡಿದರು. ಆದರೆ ಭೂಪಟದಲ್ಲಿ ಹುಡುಕಿದರೂ ಸಿಗದಂಥ ಆ ಊರಿಗೆ ಇಂದಿಗೂ ಕಾರುಗಳು ತಿರುಗುತ್ತವೆ. ಅದೇನು ಕಡಿಮೆಯೇ?

ಆದ್ದರಿಂದ ಅಪ್ಪ ಅಮ್ಮಂದಿರೇ, ನಿಮ್ಮ ಮಗಳೋ ಮಗನೋ ರಜೆಯಲ್ಲಿ ದಾರದ ತುಂಡು, ತಗಡಿನ ಚೂರು ಗುಡ್ಡೆ ಹಾಕಿಕೊಂಡು ಏನೋ ಕಟ್ಟುತ್ತಿದ್ದರೆ ತಕ್ಷಣ ಗದರಬೇಡಿ. ‘ಏನು ಮಾಡ್ತಿದ್ದೀಯ?’ ಎಂದು ಒಂದು ಗಳಿಗೆ ಪಕ್ಕದಲ್ಲಿ ಕುಳಿತು ನೋಡಿ. ಫ್ರಾಂಕ್ ಸ್ಟೋಬರ್ ಶುರು ಮಾಡಿದ್ದೂ ಒಂದು ತುಂಡು ಹುರಿಯಿಂದಲೇ.