ಮಂಚದಗಲದ ಜಾಗದಲ್ಲಿ ಒಂದು ರೈಲ್ವೆ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ಮಾರ್ಗ ಸುಮಾರು 55 ಕಿಲೋಮೀಟರ್ ಉದ್ದ. 57 ಸುರಂಗ, ನೂರಕ್ಕೂ ಮೀರಿದ ಸೇತುವೆ. ಇದನ್ನು ಮನೆಯಲ್ಲೇ ಕಟ್ಟಿ ಪುಟ್ಟ ರೈಲು ಓಡಿಸಬೇಕೆಂದು ಯಾರಾದರೂ ಹೊರಟರು ಅನ್ನಿ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಓ ಅಳತೆಯಲ್ಲಿ, ಅಂದರೆ ನಿಜದ 87ರಲ್ಲಿ ಒಂದು ಪಾಲಿಗೆ ಕುಗ್ಗಿಸಿದರೂ, 630 ಮೀಟರ್ ಹಳಿ ಬೇಕು. 24 ಬೋಗಿಯ ಎಕ್ಸ್‌ಪ್ರೆಸ್ ಒಂದೇ ಆರು ಮೀಟರ್ ದಾಟುತ್ತದೆ. ಇಂಜಿನ್ ಬಾಲ್ಕನಿಯಲ್ಲಿ ನಿಂತರೆ ಗಾರ್ಡ್ ಡಬ್ಬಿ ಅಡುಗೆಮನೆಯಲ್ಲಿ.

ಹಾಗಾಗಿ ಮಾದರಿ ರೈಲ್ವೆ ಕಟ್ಟುವವರು ಮೊದಲು ಕಲಿಯುವುದು ಯಾವುದನ್ನು ಬಿಡಬೇಕು ಎಂಬುದನ್ನು. 57 ಸುರಂಗದಲ್ಲಿ ಒಂದು, ಸೇತುವೆಗಳಲ್ಲಿ ಒಂದು, ನಡುವೆ ಕಾಡೊಳಗಿನ ಎಡಕುಮೇರಿಯಂಥ ಒಂದು ಸ್ಟೇಷನ್. ಬೋಗಿ ಐದೋ ಆರೋ. ಇಷ್ಟಿದ್ದರೂ ಆ ದಾರಿಯಲ್ಲಿ ಹೋಗಿಬಂದವರು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ. ಲೆಕ್ಕವಂತೂ ತಪ್ಪಿದ್ದಲ್ಲ. ಆ ಘಾಟಿಯ ಏರು 50ಕ್ಕೆ 1, ಮೀಟರಿಗೆ ಎರಡು ಸೆಂಟಿಮೀಟರ್. ಒಂದು ಹಳಿ ಇನ್ನೊಂದರ ಮೇಲೆ ಹಾದುಹೋಗಲು ಎಂಟು ಸೆಂಟಿಮೀಟರ್ ಎತ್ತರ ಬೇಕೆಂದರೆ ಎಷ್ಟು ಉದ್ದದ ಏರು ಬೇಕು? ನಾಲ್ಕು ಮೀಟರ್. ಗಣಿತದ ಪುಸ್ತಕ ಕಂಡರೆ ಮುಖ ತಿರುಗಿಸುವ ಆರನೇ ಕ್ಲಾಸಿನ ಹುಡುಗಿ ಈ ಲೆಕ್ಕವನ್ನು ತಾನಾಗಿ ಹಾಕುತ್ತಾಳೆ, ಏಕೆಂದರೆ ತಪ್ಪಿದರೆ ಇಂಜಿನ್ ಏರಲ್ಲೇ ಚಕ್ರ ಜಾರಿಸುತ್ತ ನಿಂತುಬಿಡುತ್ತದೆ.

ಈ ಹವ್ಯಾಸದ ತವರು ಯೂರೋಪು. ಜರ್ಮನಿಯ ಗೋಪಿಂಗೆನ್ ಊರಿನಲ್ಲಿ 1859ರಲ್ಲಿ ಶುರುವಾದ ಮಾರ್ಕ್ಲಿನ್ ಕಂಪನಿ ಮೊದಲು ಗೊಂಬೆಮನೆಗೆ ಬೇಕಾದ ತಗಡಿನ ಪಾತ್ರೆ ಮಾಡುತ್ತಿತ್ತು. 1891ರಲ್ಲಿ ಲೈಪ್‌ಜಿಗ್ ಜಾತ್ರೆಗೆ ಅದು ತಂದದ್ದು ಗೊತ್ತಾದ ಅಗಲದ ಹಳಿ, ಆಮೇಲೆ ತುಂಡು ತುಂಡಾಗಿ ಕೊಂಡು ಸೇರಿಸುತ್ತ ಹೋಗಬಹುದಾದದ್ದು. ಗಿರಾಕಿ ಮತ್ತೆ ಮತ್ತೆ ಅಂಗಡಿಗೆ ಬರುವಂತೆ ಮಾಡುವ ವ್ಯಾಪಾರದ ಚಾಣಾಕ್ಷತನವೇ ಹವ್ಯಾಸಕ್ಕೂ ಅಡಿಪಾಯವಾಯಿತು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಮೆಕ್ಯಾನೊಗೆ ಪೇಟೆಂಟ್ ಪಡೆದ, 1920ರಲ್ಲಿ ರೈಲಿಗೂ ಕೈಹಾಕಿದ. ನಮ್ಮಲ್ಲಿ ಎಂಬತ್ತರ ದಶಕದ ಮಕ್ಕಳು ನಟ್ಟು ಬೋಲ್ಟು ಬಿಗಿದು ಆಡಿದ ಮೆಕ್ಯಾನಿಕ್ಸ್ ಸೆಟ್ ಅದೇ ಮೆಕ್ಯಾನೊದ ವಂಶದ್ದು. ರೈಲು ಮಾತ್ರ ಆ ಮಟ್ಟಿಗೆ ನಮ್ಮ ಮನೆಗಳಿಗೆ ಬರಲಿಲ್ಲ.

ಬರದಿರುವುದಕ್ಕೆ ದುಡ್ಡೇ ಕಾರಣ ಎನ್ನುತ್ತಾರೆ. ಅರ್ಧ ನಿಜ. ಹೊರದೇಶದ ಒಳ್ಳೆಯ ಇಂಜಿನ್ನಿಗೆ ಸಾವಿರಗಳಲ್ಲಿ ಎಣಿಸಬೇಕು, ಮೇಲೆ ಸುಂಕ. ಉಳಿದರ್ಧ ಕಾರಣ, ನಾವು ಹಿಡಿಯುವ ಕ್ರಮವೇ ತಲೆಕೆಳಗು. ಹುಟ್ಟುಹಬ್ಬಕ್ಕೆ ಪೆಟ್ಟಿಗೆ ಬರುತ್ತದೆ, ಅಪ್ಪ ಜೋಡಿಸುತ್ತಾನೆ, ರೈಲು ಗುಂಡಗೆ ಸುತ್ತುತ್ತದೆ, ಮಗು ಹತ್ತು ನಿಮಿಷ ನೋಡುತ್ತದೆ. ಮಾರನೆಯ ವಾರ ಪೆಟ್ಟಿಗೆ ಅಟ್ಟ ಸೇರುತ್ತದೆ. ನನ್ನನ್ನು ಕೇಳಿದರೆ ಇಂಜಿನ್ ಕೊನೆಗೆ ಬರಲಿ. ಮೊದಲು ಒಂದು ಸ್ಟೇಷನ್ ಕಟ್ಟಿ, ಅದೂ ಮನೆಯವರೆಲ್ಲ ಕಂಡ ಸ್ಟೇಷನ್. ರಟ್ಟು, ಅಂಟು, ಬಣ್ಣ ಇದ್ದರೆ ಸಾಕು. ಅಜ್ಜನ ಊರಿನ ಸ್ಟೇಷನ್ ಹಲಗೆಯ ಮೇಲೆ ನಿಂತಿತೆಂದರೆ ಅಲ್ಲಿಗೆ ಬರಬೇಕಾದ ರೈಲಿನ ಚಿಂತೆಯನ್ನು ಮಕ್ಕಳೇ ವಹಿಸಿಕೊಳ್ಳುತ್ತಾರೆ.

ಯಾವ ಸ್ಟೇಷನ್ ಎಂಬುದರಲ್ಲೊಂದು ಮಜವಿದೆ. ನಮ್ಮ ಬ್ರಾಡ್ ಗೇಜ್ 1,676 ಮಿಲಿಮೀಟರ್ ಅಗಲ. ಎಚ್‌ಓ ಅಳತೆಗೆ ಇಳಿಸಿದರೆ ಸುಮಾರು 19.2 ಮಿಲಿಮೀಟರ್ ಆಗಬೇಕು. ಅಂಗಡಿಯ ಎಚ್‌ಓ ಹಳಿ 16.5 ಮಿಲಿಮೀಟರ್, ಯೂರೋಪು ಅಮೆರಿಕದ ರೈಲಿನ ಲೆಕ್ಕ. ಅದರ ಮೇಲೆ ನಮ್ಮ ಇಂಜಿನ್ ಇಟ್ಟರೆ ಕಾಲು ಜೋಡಿಸಿ ನಿಂತಂತೆ ಕಾಣುತ್ತದೆ. ಹೆಚ್ಚಿನವರು ಇದನ್ನು ನುಂಗಿಕೊಳ್ಳುತ್ತಾರೆ, ಹಟಮಾರಿಗಳು ಕೈಯಾರೆ ಹಳಿ ಹಾಸುತ್ತಾರೆ. ಆದರೆ ಹಳೆಯ ಮೀಟರ್ ಗೇಜ್‌ಗೆ ಈ ತಾಪತ್ರಯವಿಲ್ಲ. ಸಾವಿರವನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ ಮಿಲಿಮೀಟರ್. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳಿಗಾಗಿ ತಯಾರಾಗುವ 12 ಮಿಲಿಮೀಟರ್ ಹಳಿ ಇದಕ್ಕೆ ಹೆಚ್ಚೂಕಡಿಮೆ ಸರಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಓಡುತ್ತಿದ್ದ 762 ಮಿಲಿಮೀಟರ್ ನ್ಯಾರೋ ಗೇಜ್ ಇನ್ನೂ ಅನುಕೂಲ; 8.8 ಮಿಲಿಮೀಟರಿಗೆ ಇಳಿಯುತ್ತದೆ, ಎಲ್ಲ ಕಡೆ ಸಿಗುವ 9 ಮಿಲಿಮೀಟರಿನ ಎನ್ ಗೇಜ್ ಹಳಿಯೇ ಸಾಕು. ನಂದಿ ಹಾಲ್ಟ್‌ನ ಕಲ್ಲುಕಟ್ಟಡ, ಎದುರಿಗೊಂದು ಪುಟ್ಟ ಉಗಿಬಂಡಿ: ಒಂದು ಬೇಸಿಗೆ ರಜೆಯ ಕೆಲಸ. ಇಲ್ಲವೇ ಮಲೆನಾಡಿನ ತಾಳಗುಪ್ಪ. ಶಿವಮೊಗ್ಗದಿಂದ ಅಲ್ಲಿಗೆ ಮೀಟರ್ ಗೇಜ್‌ನಲ್ಲಿ ರೈಲುಬಸ್ಸು ಓಡುತ್ತಿದ್ದುದು ಸಾಗರದ ಕಡೆಯವರಿಗೆ ಇನ್ನೂ ನೆನಪಿದೆ. ಒಂದೇ ಡಬ್ಬಿಯ ರೈಲು! ಜಾಗವಿಲ್ಲದ ಮನೆಗೆ ಇದಕ್ಕಿಂತ ಒಳ್ಳೆಯ ಮಾದರಿ ಎಲ್ಲಿ ಸಿಗಬೇಕು?

ಈಗ ನೆಲ, ಗಿಡ, ಗುಡ್ಡ. ಪೊಟ್ಟಣದಲ್ಲಿ ಬರುವ ವಿದೇಶಿ ಹುಲ್ಲು ನಮ್ಮ ಊರಿನಂತೆ ಕಾಣುವುದಿಲ್ಲ, ದುಬಾರಿ ಬೇರೆ. ಬೇಕಾದದ್ದೆಲ್ಲ ಮನೆಯಲ್ಲೇ ಇದೆ. ಫಿಲ್ಟರಿನಲ್ಲಿ ಉಳಿದ ಕಾಫಿ ಚರಟವನ್ನು ಎರಡು ದಿನ ಚೆನ್ನಾಗಿ ಬಿಸಿಲಿಗೆ ಹಾಕಿದರೆ ತೋಟದ ಕಪ್ಪು ಮಣ್ಣು ತಯಾರು. ಹಾಲು ಹಾಕಿ ಕುದಿಸಿದ ಚಹಾದ ಚರಟ ಬೇಡ, ಬೂಷ್ಟು ಹಿಡಿಯುತ್ತದೆ. ಕರಾವಳಿಯ ಕೆಂಪು ನೆಲಕ್ಕೆ ಮುರಕಲ್ಲಿನ ಪುಡಿಯನ್ನು ತೆಳುಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಎರಡು ತಾಮ್ರದ ತಂತಿಯ ನಡುವೆ ತೆಂಗಿನ ನಾರಿಟ್ಟು ಹೊಸೆದು, ಅಂಟು ಸವರಿ, ಹಸಿರು ಬಣ್ಣದ ಮರದ ಹೊಟ್ಟು ಉದುರಿಸಿದರೆ ಸಿಲ್ವರ್ ಓಕ್. ಥರ್ಮೊಕೋಲ್ ಕೊರೆದು, ಮೈದಾ ಅಂಟಿನಲ್ಲಿ ಅದ್ದಿದ ಪೇಪರು ಹಚ್ಚಿದರೆ ಗುಡ್ಡ.

ತಾಳ್ಮೆ ಬೇಡುವುದು ಹಳಿಯ ಜಲ್ಲಿ. ಸಣ್ಣ ಕಲ್ಲುಪುಡಿಯನ್ನು ಸ್ಲೀಪರ್‌ಗಳ ನಡುವೆ ಚಮಚದಲ್ಲಿ ಸುರಿದು, ಹಳೆಯ ಬ್ರಷ್ಷಿನಿಂದ ಒಂದೊಂದೇ ಸಂದಿಗೆ ಕೂರಿಸಬೇಕು. ಫೆವಿಕಾಲ್‌ಗೆ ನೀರು ಬೆರೆಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಸೂಜಿಯಿಲ್ಲದ ಸಿರಿಂಜಿನಿಂದ ತೊಟ್ಟಿಕ್ಕಿಸಬೇಕು. ಸೋಪಿಲ್ಲದಿದ್ದರೆ ಹನಿ ಜಲ್ಲಿಯ ಮೇಲೆ ಮುತ್ತಿನಂತೆ ನಿಲ್ಲುತ್ತದೆ, ಒಳಗಿಳಿಯುವುದಿಲ್ಲ. ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್‌ನ ಅಲುಗಾಡುವ ಹಳಿಗಳ ಹತ್ತಿರ ಮಾತ್ರ ಸಿರಿಂಜು ತರಬೇಡಿ. ಒಂದು ಹನಿ ಹೋಯಿತೋ ಆ ಪಾಯಿಂಟ್ ಶಾಶ್ವತವಾಗಿ ಒಂದೇ ದಿಕ್ಕಿಗೆ.

ವಿದ್ಯುತ್ತಿನ ಪಾಠ ಇನ್ನೂ ಸರಳ. ಸಾಮಾನ್ಯ ವ್ಯವಸ್ಥೆಯಲ್ಲಿ ಎರಡು ಹಳಿಗೆ 12 ವೋಲ್ಟ್‌ವರೆಗಿನ ಡಿಸಿ ಕರೆಂಟು. ಒಂದು ಹಳಿ ಧನ, ಇನ್ನೊಂದು ಋಣ. ಚಕ್ರಗಳ ಮೂಲಕ ಇಂಜಿನ್ನಿನ ಮೋಟಾರಿಗೆ ತಲುಪುತ್ತದೆ. ವೋಲ್ಟೇಜ್ ಏರಿಸಿದರೆ ವೇಗ, ಧನ ಋಣ ಅದಲುಬದಲಾದರೆ ರೈಲು ಹಿಂದಕ್ಕೆ. ಇಷ್ಟು ಗೊತ್ತಾದ ಮಕ್ಕಳಿಗೆ ಒಂದು ಒಗಟು ಹಾಕಿ: ಹಳಿ ಸುತ್ತಿ ಬಂದು, ತಾನು ಹೊರಟ ಲೈನನ್ನೇ ಎದುರುಮುಖವಾಗಿ ಸೇರಿದರೆ ಏನಾಗುತ್ತದೆ? ಎಡಹಳಿ ಹೋಗಿ ಬಲಹಳಿಗೆ ಮುಟ್ಟುತ್ತದೆ, ಶಾರ್ಟ್ ಸರ್ಕ್ಯೂಟ್. ಕಾಗದದ ಮೇಲೆ ಎರಡು ಬಣ್ಣದ ಪೆನ್ಸಿಲ್‌ನಲ್ಲಿ ಎಳೆದು ನೋಡಿದರೆ ತಾವೇ ಕಂಡುಹಿಡಿಯುತ್ತಾರೆ. ಗೋಡೆಯ 230 ವೋಲ್ಟಿನ ಕಡೆಯ ಕೆಲಸ ಮಾತ್ರ ದೊಡ್ಡವರದು. ಬೆಸುಗೆ ಕಡ್ಡಿ ಹಿಡಿಯುವಾಗಲೂ ದೊಡ್ಡವರು ಪಕ್ಕದಲ್ಲಿರಬೇಕು.

ಸುತ್ತು ಹೊಡೆಯುವ ರೈಲು ಬೇಗ ಬೇಸರ ತರಿಸುತ್ತದೆ ಎಂದೆನಲ್ಲ, ಅದಕ್ಕೊಂದು ಹಳೆಯ ಮದ್ದಿದೆ. ಇಂಗ್ಲೆಂಡಿನ ಅಲನ್ ರೈಟ್ ಎಂಬಾತ ರೂಪಿಸಿದ ‘ಇಂಗಲ್‌ನುಕ್ ಸೈಡಿಂಗ್ಸ್’. ಎರಡು ಪಾಯಿಂಟ್, ಮೂರು ಸೈಡಿಂಗ್. ಒಂದರಲ್ಲಿ ಐದು ವ್ಯಾಗನ್ ಹಿಡಿಸುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಇಂಜಿನ್ ಓಡಾಡುವ ತುದಿಯಲ್ಲಿ ಇಂಜಿನ್ ಜೊತೆ ಮೂರೇ ವ್ಯಾಗನ್‌ಗೆ ಜಾಗ. ಒಟ್ಟು ಎಂಟು ವ್ಯಾಗನ್. ಚೀಟಿ ಎತ್ತಿ ಐದನ್ನು ಆರಿಸಬೇಕು, ಬಂದ ಕ್ರಮದಲ್ಲೇ ಜೋಡಿಸಬೇಕು. ಸಿಮೆಂಟ್, ಕಬ್ಬಿಣದ ಅದಿರು, ಎಣ್ಣೆ ಟ್ಯಾಂಕರ್ ಹೀಗೆ. ಎಷ್ಟು ಬಗೆಯ ಆಟ ಸಾಧ್ಯ? ಎಂಟು ಗುಣಿಸು ಏಳು ಗುಣಿಸು ಆರು ಗುಣಿಸು ಐದು ಗುಣಿಸು ನಾಲ್ಕು, 6,720. ನಾಲ್ಕೈದು ಅಡಿ ಉದ್ದದ, ಒಂದಡಿ ಅಗಲದ ಹಲಗೆಯ ಮೇಲೆ! ಅಳಗುಳಿಮಣೆಯ ಹಾಗೆ ನಿಯಮ ಎರಡು ಮಾತಿನದು, ಎದುರಾಳಿ ಮಾತ್ರ ಹಠವಾದಿ. ಅಕ್ಕ ಡ್ರೈವರ್, ತಮ್ಮ ಪಾಯಿಂಟ್ಸ್‌ಮನ್, ಜಗಳವೂ ಉಚಿತ.

ಹದಿನಾಲ್ಕು ಹದಿನೈದು ದಾಟಿದವರನ್ನು ಹಿಡಿದಿಡುವುದು ಡಿಜಿಟಲ್ ನಿಯಂತ್ರಣ. ಹಳಿಯಲ್ಲಿ ಕರೆಂಟಿನ ಜೊತೆಗೇ ಆಜ್ಞೆಯೂ ಹರಿಯುತ್ತದೆ, ಪ್ರತಿ ಇಂಜಿನ್ನಿನೊಳಗಿನ ಪುಟ್ಟ ಚಿಪ್ ತನ್ನ ನಂಬರಿಗೆ ಬಂದದ್ದನ್ನಷ್ಟೇ ಕೇಳುತ್ತದೆ. ಆರ್ಡುಯಿನೊ ಬೋರ್ಡು ಮತ್ತು ಉಚಿತ ತಂತ್ರಾಂಶದಿಂದ ಇಂಥ ನಿಯಂತ್ರಕವನ್ನು ಮಕ್ಕಳೇ ಮಾಡಿಕೊಳ್ಳಬಹುದು. ಇದು ಸಣ್ಣ ಸಂಗತಿಯಲ್ಲ. ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ಹುಟ್ಟಿದ ಮಾದರಿ ರೈಲು ಕ್ಲಬ್ಬಿನ ಹುಡುಗರು ಮೇಜಿನ ಕೆಳಗೆ ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇಗಳನ್ನು ಜೋಡಿಸುತ್ತ ಜೋಡಿಸುತ್ತ ಕಂಪ್ಯೂಟರಿಗೆ ಬಂದವರು. 1962ರ ‘ಸ್ಪೇಸ್‌ವಾರ್’ ಆಟ ಬರೆದ ಸ್ಟೀವ್ ರಸೆಲ್ ಅದೇ ಕ್ಲಬ್ಬಿನವರು. ಹಾಡುಗಾರ ನೀಲ್ ಯಂಗ್ ಈ ಲೋಕಕ್ಕೆ ಬಂದದ್ದು ಬೇರೆ ದಾರಿಯಲ್ಲಿ. ಸೆರೆಬ್ರಲ್ ಪಾಲ್ಸಿಯಿದ್ದ ಮಗ ತಾನೇ ರೈಲು ಓಡಿಸಲೆಂದು ಸುಲಭವಾಗಿ ಒತ್ತಬಹುದಾದ ನಿಯಂತ್ರಕ ಮಾಡಿಸಲು ಹೋಗಿ, ಕೊನೆಗೆ ಅಮೆರಿಕದ ಲಯನೆಲ್ ರೈಲು ಕಂಪನಿಗೇ ಪಾಲುದಾರರಾದರು.

ಮಕ್ಕಳನ್ನು ಈ ಹವ್ಯಾಸದಿಂದ ಓಡಿಸುವ ಮಾತು ಒಂದೇ: ‘ಮುಟ್ಟಬೇಡ’. ಗಾಜಿನ ಬೀರುವಿನಲ್ಲಿ ಸಾಲಾಗಿ ಇಂಜಿನ್ ನಿಲ್ಲಿಸಿ, ಬಂದವರಿಗೆ ಬೆಲೆ ಹೇಳುವವರು ಸಂಗ್ರಾಹಕರು. ಅದು ಬೇರೆ ಚಟ. ಮನೆಯ ರೈಲ್ವೆ ಬೀಳುತ್ತದೆ, ಬಣ್ಣ ಕೀಳುತ್ತದೆ, ಮತ್ತೆ ಅಂಟಿಸಿಕೊಳ್ಳುತ್ತದೆ. ಅಜ್ಜ ಅಜ್ಜಿಯರಿಗೂ ಇಲ್ಲಿ ಕೆಲಸವಿದೆ. ಹುಬ್ಬಳ್ಳಿ, ಅರಸೀಕೆರೆ, ಮೈಸೂರಿನಲ್ಲಿ ರೈಲ್ವೆ ನೌಕರಿ ಮಾಡಿದವರ ಮನೆಗಳು ಸಾಲುಸಾಲಾಗಿವೆ. ಸಿಂಗಲ್ ಲೈನಿನಲ್ಲಿ ಟೋಕನ್ ಕೈಗೆ ಬಾರದೆ ಡ್ರೈವರ್ ಗಾಡಿ ಎತ್ತುತ್ತಿರಲಿಲ್ಲ ಎಂಬುದನ್ನು ಅವರು ಹೇಳಿದರೆ, ಮೊಮ್ಮಕ್ಕಳು ಅದೇ ನಿಯಮ ಇಟ್ಟುಕೊಂಡು ಎರಡು ರೈಲು ಓಡಿಸಬಹುದು. ರಾಜ್ಯದಲ್ಲಿ ಈಗ ಮೀಟರ್ ಗೇಜ್ ಎಲ್ಲೂ ಓಡುವುದಿಲ್ಲ. ಅದನ್ನು ಓಡಿಸಿದವರು ಮಾತ್ರ ಇನ್ನೂ ಇದ್ದಾರೆ.

ನೋಡಿಯೇ ನಂಬುವವರು ಪುಣೆಗೆ ಹೋಗಿಬನ್ನಿ. ಕೊಥ್ರೂಡ್‌ನಲ್ಲಿ ಭಾವುಸಾಹೇಬ್ ಜೋಶಿ ಕಟ್ಟಿದ ಪುಟಾಣಿ ರೈಲುಗಳ ಮ್ಯೂಸಿಯಂ 1998ರಿಂದ ತೆರೆದಿದೆ. ಒಂದಿಡೀ ಊರು, ಅದರ ಸಿಗ್ನಲ್ಲು, ಸೇತುವೆಗಳ ನಡುವೆ ರೈಲುಗಳು ಓಡುತ್ತವೆ. ಜರ್ಮನಿಯಲ್ಲಿ ಮಕ್ಕಳಿರುವವರು ಹ್ಯಾಂಬರ್ಗ್‌ಗೆ ಹೋದಾಗ ಮಿನಿಯಾಟೂರ್ ವುಂಡರ್‌ಲಾಂಡ್ ತಪ್ಪಿಸಬಾರದು. ಅವಳಿ ಸೋದರರಾದ ಫ್ರೆಡರಿಕ್ ಮತ್ತು ಗೆರಿಟ್ ಬ್ರೌನ್ 2001ರಲ್ಲಿ ತೆರೆದ ಇದು ಜಗತ್ತಿನಲ್ಲೇ ದೊಡ್ಡ ಮಾದರಿ ರೈಲ್ವೆ ಎಂದು ಗಿನ್ನೆಸ್ ದಾಖಲೆಯಲ್ಲಿದೆ. ಮೈಸೂರಿನ ರೈಲು ಮ್ಯೂಸಿಯಂನಲ್ಲಿ ಇರುವುದು ನಿಜದ ಗಾಡಿಗಳು. ಮಹಾರಾಣಿಯ ಸಲೂನಿನ ಕಿಟಕಿ, ಮೆಟ್ಟಿಲು, ಬಣ್ಣ ನೋಡಿ ಗುರುತು ಹಾಕಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಹತ್ತಿರದ ಸ್ಟೇಷನ್ನಿನಿಂದಲೇ ಶುರುಮಾಡುವವರು ಪ್ಲಾಟ್‌ಫಾರಂ ಟಿಕೆಟ್ ಕೊಂಡು, ಸ್ಟೇಷನ್ ಮಾಸ್ತರರನ್ನು ಒಂದು ಮಾತು ಕೇಳಿ ಫೋಟೊ ತೆಗೆಯಿರಿ. ಟೇಪು ಹಿಡಿದು ಓಡಾಡಬೇಕಿಲ್ಲ. ಮಗುವನ್ನು ಗೋಡೆಗೆ ಒರಗಿ ನಿಲ್ಲಲು ಹೇಳಿ, ನೀವು ನೇರ ಎದುರಿಗೆ ನಿಂತು ಕ್ಲಿಕ್ಕಿಸಿದರೆ ಸಾಕು. ಮಗು ನಾಲ್ಕಡಿ ಇದ್ದು, ಫೋಟೊದಲ್ಲಿ ಟಿಕೆಟ್ ಕೋಣೆಯ ಬಾಗಿಲು ಅದರ ಒಂದೂಮುಕ್ಕಾಲು ಪಟ್ಟು ಇದ್ದರೆ ಬಾಗಿಲು ಏಳಡಿ. 87ರಿಂದ ಭಾಗಿಸಿ: ರಟ್ಟಿನಲ್ಲಿ ಕತ್ತರಿಸಬೇಕಾದ ಬಾಗಿಲು ಎರಡೂವರೆ ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ.