ಹೌ ಮನೆತನದ ಮಾರ್ಕ್

ಆಗಿನ ಐಸ್ ಹಾಕಿ ಗೋಲಿನ ಬುಡದಲ್ಲಿ, ನಟ್ಟನಡುವೆ, ಮುಂದಕ್ಕೆ ಚಾಚಿದ ಚೂಪಾದ ಲೋಹದ ತಗಡೊಂದು ಇರುತ್ತಿತ್ತು. 1980ರ ಡಿಸೆಂಬರ್ 27ರಂದು ನ್ಯೂಯಾರ್ಕ್ ಐಲ್ಯಾಂಡರ್ಸ್ ವಿರುದ್ಧ ಆಡುತ್ತಿದ್ದ ಹಾರ್ಟ್‌ಫರ್ಡ್ ವೇಲರ್ಸ್ ತಂಡದ ಮಾರ್ಕ್ ಹೌ ಆಯತಪ್ಪಿ, ಕಾಲು ಮುಂದಾಗಿ ಜಾರುತ್ತಾ ಗೋಲಿನೊಳಕ್ಕೆ ನುಗ್ಗಿದರು. ಗೋಲಿನ ಚೌಕಟ್ಟು ಮೇಲೆದ್ದಿತು. ತಗಡಿನ ಮೊನೆ ಪೃಷ್ಠದ ಬಳಿ ಸುಮಾರು ಐದು ಇಂಚು ಒಳಹೊಕ್ಕಿತು. ಬೆನ್ನುಮೂಳೆ ಉಳಿದದ್ದೇ ಪುಣ್ಯ. ರಕ್ತ ಹರಿದುಹೋಯಿತು, ಮೈತೂಕ ಇಳಿಯಿತು. ಆದರೂ ಅದೇ ಋತುವಿನಲ್ಲಿ ಮಾರ್ಕ್ ಮತ್ತೆ ಸ್ಕೇಟ್ ಕಟ್ಟಿದರು. ಮುಂದೆ ಆ ತಗಡನ್ನೇ ತೆಗೆದುಹಾಕಲಾಯಿತು. ಈಗ ಆಟಗಾರ ಬಂದು ಬಡಿದರೆ ಗೋಲೇ ಕಳಚಿಕೊಂಡು ಸರಿಯುತ್ತದೆ. ಮಾರ್ಕ್ ಹೊಡೆದ ಎಲ್ಲ ಗೋಲುಗಳಿಗಿಂತ ಆಟಕ್ಕೆ ಸಂದ ದೊಡ್ಡ ಕೊಡುಗೆ ಇದೇ ಎಂದು ನನ್ನ ನಂಬಿಕೆ.

ಮಾರ್ಕ್ ಹುಟ್ಟಿದ್ದು ಡೆಟ್ರಾಯಿಟ್‌ನಲ್ಲಿ, ಹಾಕಿಯನ್ನೇ ಉಂಡು ಉಟ್ಟ ಮನೆಯಲ್ಲಿ. ತಂದೆ ಗಾರ್ಡಿ ಹೌ ಅವರನ್ನು ಜನ ಕರೆಯುತ್ತಿದ್ದುದು 'ಮಿಸ್ಟರ್ ಹಾಕಿ' ಎಂದೇ. ಕೆನಡಾದ ಸಸ್ಕಾಚೆವಾನ್‌ನಿಂದ ಬಂದು ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡದ ಪರ 25 ಋತು ಆಡಿದವರು. ಉತ್ತರ ಅಮೆರಿಕದ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಅವರು ಹೊಡೆದ ಗೋಲುಗಳು 801. ಕುಟುಂಬದ ವ್ಯವಹಾರವನ್ನೆಲ್ಲ ಗಟ್ಟಿಯಾಗಿ ಹಿಡಿದವರು ತಾಯಿ ಕಾಲೀನ್.

ಹದಿನಾರನೇ ವಯಸ್ಸಿಗೇ ಮಾರ್ಕ್ 1972ರ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ ಆಡಿ ಬೆಳ್ಳಿ ತಂದರು. ಮರುವರ್ಷ ಅಣ್ಣ ಮಾರ್ಟಿ ಜತೆ ಹ್ಯೂಸ್ಟನ್ ಏರೋಸ್ ಸೇರಿದರು. ಅಷ್ಟು ಹೊತ್ತಿಗೆ ಮಣಿಕಟ್ಟಿನ ನೋವಿನಿಂದ ಆಟ ಬಿಟ್ಟಿದ್ದ ತಂದೆ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, 45ನೇ ವಯಸ್ಸಿನಲ್ಲಿ ಅದೇ ತಂಡಕ್ಕೆ ಬಂದರು! ಅಪ್ಪ, ಮಕ್ಕಳಿಬ್ಬರು ಒಂದೇ ಅಂಗಿ ತೊಟ್ಟು ಆಡಿದ ತಂಡ 1974 ಮತ್ತು 1975ರಲ್ಲಿ ಎನ್‌ಎಚ್‌ಎಲ್‌ನ ಪ್ರತಿಸ್ಪರ್ಧಿ ಲೀಗಿನ ಆವ್ಕೊ ಕಪ್ ಗೆದ್ದಿತು. ಮುಂದೆ ಹಾರ್ಟ್‌ಫರ್ಡ್‌ನಲ್ಲಿಯೂ ಮೂವರೂ ಒಟ್ಟಿಗೇ ಇದ್ದರು. 1979–80ರಲ್ಲಿ, ಐವತ್ತು ದಾಟಿದ ಮೇಲೂ, ಗಾರ್ಡಿ ಎನ್‌ಎಚ್‌ಎಲ್ ಋತುವಿನ 80 ಪಂದ್ಯಗಳನ್ನೂ ಆಡಿದರು.

ಇಂಥ ತಂದೆಯ ಪಕ್ಕದಲ್ಲಿ ಮಗನಿಗೆ ತನ್ನದೇ ಜಾಗ ಸಿಗುವುದು ಸುಲಭವಲ್ಲ. ಎಡಬದಿಯ ಮುನ್ನಡೆ ಆಟಗಾರನಾಗಿ ಶುರುಮಾಡಿದ ಮಾರ್ಕ್, ರಕ್ಷಣೆಗೆ ಸರಿದರು. ಜಾರುವ ವೇಗ, ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಹಿಂದಿನಿಂದ ತಂದು ಸಹ ಆಟಗಾರನ ಕೋಲಿಗೆ ಮುಟ್ಟಿಸುವ ಜಾಣ್ಮೆ ಅಲ್ಲಿ ಅರಳಿದವು. 1982ರಲ್ಲಿ ಫಿಲಡೆಲ್ಫಿಯಾ ಫ್ಲೈಯರ್ಸ್ ಸೇರಿದ ಮೇಲಂತೂ ಅತ್ಯುತ್ತಮ ರಕ್ಷಕನಿಗೆ ಸಲ್ಲುವ ನಾರಿಸ್ ಪ್ರಶಸ್ತಿಯ ಮತದಾನದಲ್ಲಿ ಮೂರು ಸಲ ಎರಡನೇ ಸ್ಥಾನ. ಒಮ್ಮೆಯಾದರೂ ಪ್ರಶಸ್ತಿ ಬರಬೇಕಿತ್ತು.

ತಾನು ತೊಟ್ಟ ರೆಡ್ ವಿಂಗ್ಸ್‌ನ 9ನೇ ನಂಬರಿನ ಅಂಗಿಯನ್ನು ಮಗ ಒಂದು ಪಂದ್ಯದಲ್ಲಾದರೂ ತೊಡಬೇಕೆಂಬ ಆಸೆ ಗಾರ್ಡಿಗಿತ್ತು. ಮಾರ್ಕ್ ಮುಂದೆ ರೆಡ್ ವಿಂಗ್ಸ್ ಸೇರಿದರೂ ಅದು ಆಟದಲ್ಲಿ ಕೈಗೂಡಲಿಲ್ಲ. 2011ರಲ್ಲಿ ಹಾಕಿ ಹಾಲ್ ಆಫ್ ಫೇಮ್‌ನ ಗೌರವ ಸ್ವೀಕರಿಸುತ್ತ ಮಾರ್ಕ್, ತಂದೆಯೆದುರೇ ವೇದಿಕೆಯ ಮೇಲೆ ಆ ಅಂಗಿ ತೊಟ್ಟರು.

ಎನ್‌ಎಚ್‌ಎಲ್ ಗೆದ್ದ ತಂಡಕ್ಕೆ ಸಲ್ಲುವ ಸ್ಟಾನ್ಲಿ ಕಪ್ ಒಂದು ಕೈಗೆಟುಕಲಿಲ್ಲ. 1985, 1987ರಲ್ಲಿ ಫ್ಲೈಯರ್ಸ್ ಜತೆ, 1995ರಲ್ಲಿ ರೆಡ್ ವಿಂಗ್ಸ್ ಜತೆ ಅಂತಿಮ ಸರಣಿ ತಲುಪಿ ಮೂರು ಸಲವೂ ಸೋತರು. ಬಳಿಕ ರೆಡ್ ವಿಂಗ್ಸ್‌ಗೆ ಆಟಗಾರರನ್ನು ಹುಡುಕಿಕೊಡುವ ಕೆಲಸ ಹಿಡಿದಾಗ, ತಂಡ ಕಪ್ ಗೆದ್ದಾಗ ಕೊಡುವ ಉಂಗುರಗಳು ಅವರಿಗೂ ಬಂದವು. ತಂದೆ ನಾಲ್ಕನೆಯ ಹಾಗೂ ಕೊನೆಯ ಕಪ್ ಗೆದ್ದದ್ದು 1955ರ ಏಪ್ರಿಲ್‌ನಲ್ಲಿ. ಮಾರ್ಕ್ ಹುಟ್ಟಿದ್ದು ಮೇ ತಿಂಗಳಲ್ಲಿ.