ಆಟೋಮ್ಯಾಟಿಕ್ ಗೇರ್‌ಬಾಕ್ಸ್: ಓಡಿಸುವ ಹಿತ ಮತ್ತು ಬಾಳಿಕೆಯ ಲೆಕ್ಕ

ವ್ಯಾಪಾರಸ್ಥರ ಹಾಗೂ ಸಣ್ಣ ಉದ್ಯಮಿಗಳ ಮನೆಯಲ್ಲಿ ಮಧ್ಯಮ ಗಾತ್ರದ ಸೆಡಾನ್ ಕಾರು ಎರಡು ಪಾಳಿಯಲ್ಲಿ ದುಡಿಯುತ್ತದೆ. ವಾರದ ದಿನಗಳಲ್ಲಿ ಅಂಗಡಿ, ಕಾರ್ಖಾನೆ, ಬ್ಯಾಂಕು. ರಜಾದಿನಗಳಲ್ಲಿ ಮದುವೆ, ದೇವಸ್ಥಾನ, ಊರು. ಇಂತಹ ಕಾರನ್ನು ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರೇ ಹೆಚ್ಚು. ತಯಾರಕರ ಮೂಲ ವಾರಂಟಿ ಅದಕ್ಕಿಂತ ಬಹಳ ಮೊದಲೇ ಮುಗಿದಿರುತ್ತದೆ. ಆನಂತರದ ವರ್ಷಗಳಲ್ಲಿ ಗೇರ್‌ಬಾಕ್ಸ್ ಕೈಕೊಟ್ಟರೆ ಇಡೀ ಭಾರ ಮಾಲೀಕನದೇ. ಆದರೂ ಕಾರು ಕೊಳ್ಳುವಾಗ ಬಣ್ಣ, ಮೈಲೇಜ್, ರಿಯಾಯಿತಿಗಳ ಬಗ್ಗೆ ನಡೆಯುವ ಚೌಕಾಸಿಯ ಹತ್ತನೇ ಒಂದು ಪಾಲು ವಿಚಾರಣೆಯೂ ಗೇರ್‌ಬಾಕ್ಸ್ ಯಾವ ಬಗೆಯದೆಂಬ ಬಗ್ಗೆ ನಡೆಯುವುದಿಲ್ಲ.

ಕ್ಲಚ್ ಪೆಡಲ್ ಇಲ್ಲದ ಕಾರುಗಳೆಲ್ಲವೂ ಒಂದೇ ಎಂಬ ಭಾವನೆ ಸರಿಯಲ್ಲ. ನಿಂತ ಕಾರು ಚಲಿಸಬೇಕಾದರೆ ತಿರುಗುತ್ತಿರುವ ಎಂಜಿನ್ ಮತ್ತು ನಿಂತಿರುವ ಚಕ್ರಗಳ ನಡುವೆ ಎಲ್ಲಿಯಾದರೂ ಒಂದಷ್ಟು ಜಾರುವಿಕೆ ಇರಲೇಬೇಕು. ಜಾರುವಲ್ಲಿ ಶಾಖ ಹುಟ್ಟುತ್ತದೆ, ಶಾಖವಿದ್ದಲ್ಲಿ ಸವೆತ. ಆ ಜಾರುವಿಕೆಯನ್ನು ಎಣ್ಣೆಯ ಮೂಲಕ ನಡೆಸುವುದೋ, ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನಿಂದಲೋ, ಒಣ ಕ್ಲಚ್ ಪ್ಲೇಟಿನಿಂದಲೋ ಎಂಬುದರ ಮೇಲೆ ಕಾರು ಓಡಿಸುವಾಗಿನ ಹಿತವೂ ಗೇರ್‌ಬಾಕ್ಸಿನ ಬಾಳಿಕೆಯೂ ಬಹುಮಟ್ಟಿಗೆ ನಿಂತಿವೆ.

ಅಮೆರಿಕದ ಕಾರುಗಳಲ್ಲಿ 1940ರ ದಶಕದಿಂದಲೇ ಬಳಕೆಗೆ ಬಂದ ಟಾರ್ಕ್ ಕನ್ವರ್ಟರ್ ಮೊದಲನೆಯ ಬಗೆಯದು. ಎಂಜಿನ್ ಒಂದು ರೆಕ್ಕೆಚಕ್ರವನ್ನು ತಿರುಗಿಸಿ ಎಣ್ಣೆಯನ್ನು ರಭಸದಿಂದ ತಳ್ಳುತ್ತದೆ. ಆ ಎಣ್ಣೆ ಎದುರಿನ ಚಕ್ರವನ್ನು ತಿರುಗಿಸುತ್ತದೆ. ಲೋಹಕ್ಕೆ ಲೋಹ ಉಜ್ಜುವುದಿಲ್ಲವಾದ್ದರಿಂದ ಕಾರು ಮೆತ್ತಗೆ ಹೊರಡುತ್ತದೆ, ಬ್ರೇಕ್ ಸಡಿಲಿಸಿದೊಡನೆ ತಾನಾಗಿಯೇ ತೆವಳುತ್ತದೆ. ಸಂಚಾರ ದಟ್ಟಣೆಯಲ್ಲಿ ಇದಕ್ಕಿಂತ ಸಹನೆಯುಳ್ಳ ವ್ಯವಸ್ಥೆ ಬೇರೊಂದಿಲ್ಲ. 2014ರಲ್ಲಿ ಬಂದು 2025ರಲ್ಲಿ ನಿಂತುಹೋದ ಮಾರುತಿ ಸಿಯಾಜ್ ಕಾರಿನಲ್ಲಿದ್ದುದು ಇಂತಹ ನಾಲ್ಕು ಗೇರುಗಳ ಹಳೆಯ ಪೆಟ್ಟಿಗೆ. ಹೆದ್ದಾರಿಯಲ್ಲಿ ಎಂಜಿನ್ ಅನಗತ್ಯವಾಗಿ ಗರ್ಜಿಸುತ್ತಿತ್ತು, ಹಿಂದಿಕ್ಕುವಾಗ ಗೇರ್ ಇಳಿಯಲು ಸಮಯ ಹಿಡಿಯುತ್ತಿತ್ತು ಎಂಬುದು ನಿಜ. ಆದರೆ ಅದು ಸರಳ ಯಂತ್ರ. ಕಾರನ್ನು ಬಹುಕಾಲ ಇಟ್ಟುಕೊಳ್ಳುವವನಿಗೆ ಸರಳತೆಯೂ ಒಂದು ಆಸ್ತಿಯೇ.

ಹೋಂಡಾ ಸಿಟಿಯ ಎರಡು ದಶಕಗಳ ಇತಿಹಾಸ ಈ ವಿಷಯದಲ್ಲಿ ಬೋಧಪ್ರದವಾಗಿದೆ. 2000ದ ದಶಕದ ಮಧ್ಯದಲ್ಲಿ ಭಾರತಕ್ಕೆ ಬಂದ ಸಿಟಿ ಆಟೋಮ್ಯಾಟಿಕ್‌ನಲ್ಲಿದ್ದುದು ಸಿವಿಟಿ. ಇದರಲ್ಲಿ ಗೇರುಗಳೇ ಇಲ್ಲ. ಎರಡು ಪುಲ್ಲಿಗಳ ನಡುವೆ ನೂರಾರು ತೆಳು ಉಕ್ಕಿನ ತುಂಡುಗಳನ್ನು ಪೋಣಿಸಿದ ಬೆಲ್ಟ್ ಓಡುತ್ತದೆ. ಪುಲ್ಲಿಗಳು ಅಗಲ ಕಿರಿದಾದಂತೆ ವೇಗದ ಅನುಪಾತ ಬದಲಾಗುತ್ತದೆ. ಆ ಪೆಟ್ಟಿಗೆಯಲ್ಲಿ ಟಾರ್ಕ್ ಕನ್ವರ್ಟರ್ ಇರಲಿಲ್ಲ. ಎಣ್ಣೆಯಲ್ಲಿ ಮುಳುಗಿದ ಒಂದು ಸ್ಟಾರ್ಟ್ ಕ್ಲಚ್ ಇತ್ತು. ಎಣ್ಣೆ ಹಳತಾದಾಗ ಹೊರಡುವ ಹೊತ್ತಿನಲ್ಲಿ ನಡುಕ ಕಾಣಿಸಿಕೊಳ್ಳುವುದು ಈ ಬಗೆಯ ಕ್ಲಚ್ಚಿನ ಸ್ವಭಾವ. 2008ರ ತಲೆಮಾರಿನ ಸಿಟಿಯಲ್ಲಿ ಕಂಪನಿ ಐದು ಗೇರುಗಳ ಟಾರ್ಕ್ ಕನ್ವರ್ಟರ್‌ಗೆ ಮರಳಿತು. 2014ರಲ್ಲಿ ಪುನಃ ಸಿವಿಟಿ ಬಂದಾಗ ಬೆಲ್ಟಿನ ಮುಂದೆ ಟಾರ್ಕ್ ಕನ್ವರ್ಟರ್ ಸೇರಿತ್ತು. ಹೊರಡುವಾಗಿನ ಜಾರುವಿಕೆಯನ್ನು ಎಣ್ಣೆಗೆ, ಓಟದ ಮಿತವ್ಯಯವನ್ನು ಬೆಲ್ಟಿಗೆ ವಹಿಸಿದ ಏರ್ಪಾಡು ಅದು. 2022ರ ಹೈಬ್ರಿಡ್ ಸಿಟಿಯಲ್ಲಿ ಬೆಲ್ಟೂ ಇಲ್ಲ. ಹೆಚ್ಚಿನ ಸಮಯ ವಿದ್ಯುತ್ ಮೋಟಾರೇ ಚಕ್ರಗಳನ್ನು ತಿರುಗಿಸುತ್ತದೆ.

ಸಿವಿಟಿಯ ಹಿತ ಅದರ ನಿರಂತರತೆಯಲ್ಲಿದೆ: ಎಳೆತವಿಲ್ಲ, ಕುಲುಕಾಟವಿಲ್ಲ. ಆಕ್ಸಿಲರೇಟರನ್ನು ಜೋರಾಗಿ ಒತ್ತಿದಾಗ ಮಾತ್ರ ಸದ್ದು ಮೊದಲು, ವೇಗ ಆಮೇಲೆ. ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವುದು ಎಣ್ಣೆಯ ಒತ್ತಡ. ಎಣ್ಣೆ ಕೆಟ್ಟು ಬೆಲ್ಟ್ ಜಾರತೊಡಗಿದರೆ ಪುಲ್ಲಿಯ ಮೈ ಗೀರುಬಿದ್ದು ಲೋಹದ ಪುಡಿ ಇಡೀ ಪೆಟ್ಟಿಗೆಗೆ ಹರಡುತ್ತದೆ. ಆಗ ಬಿಡಿಭಾಗ ಬದಲಿಸಿ ಸುಧಾರಿಸುವ ಅವಕಾಶ ಕಡಿಮೆ. ಸಾಮಾನ್ಯವಾಗಿ ಇಡೀ ಪೆಟ್ಟಿಗೆಯನ್ನೇ ಬದಲಿಸಬೇಕಾಗುತ್ತದೆ. ಅಮೆರಿಕದಲ್ಲಿ ನಿಸ್ಸಾನ್ ಕಂಪನಿಯು 2003ರಿಂದ 2010ರವರೆಗಿನ ಸಿವಿಟಿ ಕಾರುಗಳ ಗೇರ್‌ಬಾಕ್ಸ್ ವಾರಂಟಿಯನ್ನು 10 ವರ್ಷ ಅಥವಾ 1,20,000 ಮೈಲಿಗಳಿಗೆ, ಅಂದರೆ ಸುಮಾರು 1.93 ಲಕ್ಷ ಕಿ.ಮೀ.ಗೆ ವಿಸ್ತರಿಸಬೇಕಾಯಿತು. ಆನಂತರದ ಆಲ್ಟಿಮಾ ಸೆಡಾನ್ ಕಾರುಗಳ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಹಾಗೆಂದು ಸಿವಿಟಿ ಎಂದರೆ ಬಾಳದ ಯಂತ್ರ ಎಂದು ತೀರ್ಮಾನಿಸುವುದು ಅವಸರದ ಮಾತು; ತಯಾರಕರಿಂದ ತಯಾರಕರಿಗೆ ವ್ಯತ್ಯಾಸ ದೊಡ್ಡದಿದೆ.

ಚಾಲನೆಯಲ್ಲಿ ಅತ್ಯಂತ ಚುರುಕಾದುದು ದ್ವಿಕ್ಲಚ್ ಪೆಟ್ಟಿಗೆ. ಒಂದು ಕ್ಲಚ್ ಕೆಲಸದಲ್ಲಿರುವಾಗಲೇ ಇನ್ನೊಂದು ಮುಂದಿನ ಗೇರನ್ನು ಸಿದ್ಧವಾಗಿಟ್ಟುಕೊಂಡಿರುತ್ತದೆ. ಹೆದ್ದಾರಿಯಲ್ಲಿ ಇದರ ಸುಖವೇ ಬೇರೆ. ಆದರೆ ಫೋಕ್ಸ್‌ವ್ಯಾಗನ್‌ನ ಏಳು ಗೇರುಗಳ ಡಿಎಸ್‌ಜಿಯಲ್ಲಿ ಕ್ಲಚ್ಚುಗಳು ಒಣವಾದವು. ದಟ್ಟಣೆಯಲ್ಲಿ ಇಂಚಿಂಚು ತೆವಳುವುದೆಂದರೆ ಮ್ಯಾನುಯಲ್ ಕಾರಿನ ಹಾಫ್ ಕ್ಲಚ್ಚನ್ನೇ ಯಂತ್ರವು ಗಂಟೆಗಟ್ಟಲೆ ಮಾಡಿದಂತೆ. ಇದೇ ಪೆಟ್ಟಿಗೆಯ ಕಾರಣ 2013ರಲ್ಲಿ ಚೀನಾದಲ್ಲಿ 3,84,181 ಕಾರುಗಳನ್ನು ಹಿಂದಕ್ಕೆ ಕರೆಸಲಾಯಿತು. ಅದೇ ವರ್ಷ ನವೆಂಬರಿನಲ್ಲಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳಲ್ಲಿ ಸಿಂಥೆಟಿಕ್ ಎಣ್ಣೆ ತೆಗೆದು ಖನಿಜ ಎಣ್ಣೆ ತುಂಬುವ ಕ್ರಮ ಕೈಗೊಳ್ಳಲಾಯಿತು. ಬಿಸಿ ಮತ್ತು ತೇವದ ಹವೆಯಲ್ಲಿ ಮೊದಲಿನ ಎಣ್ಣೆ ವಿದ್ಯುತ್ ದೋಷಕ್ಕೆ ಕಾರಣವಾಗುತ್ತಿತ್ತು. ಭಾರತದ ಕರಾವಳಿಯ ಹವೆಯನ್ನು ಬಲ್ಲವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಅದೇ ಕಂಪನಿಯು 2020ರಲ್ಲಿ ವೆಂಟೋ ಕಾರಿನ 1.0 ಲೀಟರ್ ಎಂಜಿನ್‌ಗೂ, 2022ರಲ್ಲಿ ವರ್ಟಸ್ ಬಂದಾಗ ಅದರ ಸಣ್ಣ ಎಂಜಿನ್‌ಗೂ ಆರು ಗೇರುಗಳ ಟಾರ್ಕ್ ಕನ್ವರ್ಟರ್ ನೀಡಿ, ಡಿಎಸ್‌ಜಿಯನ್ನು 1.5 ಲೀಟರ್ ವರ್ಟಸ್‌ಗೆ ಸೀಮಿತಗೊಳಿಸಿತು.

ಬಗೆ ಯಾವುದೇ ಇರಲಿ, ಪೆಟ್ಟಿಗೆಯ ಜೀವ ಎಣ್ಣೆಯಲ್ಲಿದೆ. ಶಾಖ 10 ಡಿಗ್ರಿ ಏರಿದಂತೆಲ್ಲ ಎಣ್ಣೆಯ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆಂಬುದು ತಂತ್ರಜ್ಞರ ರೂಢಿಯ ಲೆಕ್ಕ. ‘ಎಣ್ಣೆ ಬದಲಿಸುವುದೇ ಬೇಡ, ಜೀವನಪರ್ಯಂತ ಬರುತ್ತದೆ’ ಎಂಬ ಮಾತು ಕೇಳಿಬಂದರೆ ಯಾರ ಜೀವನ, ಎಷ್ಟು ವರ್ಷದ ಜೀವನ ಎಂದು ಕೇಳುವುದು ಒಳ್ಳೆಯದು. ಮಾಲೀಕರ ಕೈಪಿಡಿಯಲ್ಲಿ ಕಠಿಣ ಬಳಕೆಗೆ ಪ್ರತ್ಯೇಕ ಅವಧಿ ಇದ್ದರೆ ಅದನ್ನೇ ಪಾಲಿಸಬೇಕು. ಹೆಚ್ಚಿನ ತಾಪ, ನಿಂತು ನಿಂತು ಸಾಗುವ ಸಂಚಾರ, ಘಟ್ಟದ ರಸ್ತೆ ಇವೆಲ್ಲ ಕಠಿಣ ಬಳಕೆಯ ವ್ಯಾಖ್ಯೆಯಲ್ಲೇ ಬರುತ್ತವೆ; ಬೆಂಗಳೂರಿನಲ್ಲಿ ಓಡಾಡಿ ಶಿರಾಡಿ ಘಟ್ಟದ ಮೂಲಕ ಮಂಗಳೂರಿಗೆ ಹೋಗಿಬರುವ ಕಾರು ಇದಕ್ಕೆ ಹೊರತಲ್ಲ. ಎಣ್ಣೆ ಕೂಡ ಕೈಪಿಡಿಯಲ್ಲಿ ಹೇಳಿದ್ದೇ ಆಗಬೇಕು. ಸಿವಿಟಿಗೆ ಬೇರೆ ಪೆಟ್ಟಿಗೆಯ ಎಣ್ಣೆ ಹಾಕಿದರೆ ಹಾನಿ ಖಚಿತ.

ಲೆಕ್ಕಪತ್ರದ ದೃಷ್ಟಿಯಿಂದಲೂ ಎಚ್ಚರ ಅಗತ್ಯ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿಗಿಂತ ಉದ್ದದ ಪೆಟ್ರೋಲ್ ಸೆಡಾನ್‌ಗಳಿಗೆ ಜಿಎಸ್‌ಟಿ ಶೇ. 40. ಕಾರು ಮಾರುವವರು, ಪ್ರಯಾಣಿಕರ ಸಾಗಣೆದಾರರು, ಚಾಲನಾ ಶಾಲೆಗಳನ್ನು ಬಿಟ್ಟರೆ ಉಳಿದ ವ್ಯಾಪಾರಸ್ಥರಿಗೆ ಈ ತೆರಿಗೆಯ ಹೂಟುವಳಿ ಜಮೆ ದೊರೆಯದು. ಕಾರಿನ ದುರಸ್ತಿ ಬಿಲ್ಲಿನ ಮೇಲಿನ ತೆರಿಗೆಗೂ ಇದೇ ನಿರ್ಬಂಧವಿದೆ. ಶೇ. 15ರ ಇಳಿಕೆಯ ಕ್ರಮದಲ್ಲಿ ಸವಕಳಿ ಕಳೆದರೆ 16 ಲಕ್ಷ ರೂ. ಕಾರಿನ ಮೌಲ್ಯ ಪೂರ್ಣ ಐದು ವರ್ಷಗಳ ನಂತರ ಪುಸ್ತಕದಲ್ಲಿ ಸುಮಾರು 7.10 ಲಕ್ಷ ರೂ. ಉಳಿಯುತ್ತದೆ. ಆ ಹಂತದಲ್ಲಿ ಗೇರ್‌ಬಾಕ್ಸ್ ಬದಲಿಸಬೇಕಾಗಿ ಬಂದರೆ ಆ ಖರ್ಚನ್ನು ಈ ಮೌಲ್ಯದೊಂದಿಗೆ ತೂಗಿನೋಡಬೇಕಾಗುತ್ತದೆ. ವ್ಯವಹಾರಕ್ಕೆ ಬಳಸಿದ ಮಟ್ಟಿಗೆ ದುರಸ್ತಿಯನ್ನು ಆ ವರ್ಷದ ಖರ್ಚಾಗಿ ತೋರಿಸಬಹುದು. ಹಣವನ್ನಂತೂ ಒಂದೇ ಸಲ ಹೊಂದಿಸಬೇಕು. ಆದ್ದರಿಂದ ದ್ವಿಕ್ಲಚ್ ಅಥವಾ ಸಿವಿಟಿ ಕೊಳ್ಳುವವರು ವಿಸ್ತೃತ ವಾರಂಟಿಯ ಮೊತ್ತವನ್ನು ಕಾರಿನ ಬೆಲೆಯ ಭಾಗವೆಂದೇ ಎಣಿಸುವುದು ವಿವೇಕ. ಅಧಿಕೃತ ಸರ್ವಿಸಿನ ದಾಖಲೆ ತಪ್ಪಿದರೆ ಆ ವಾರಂಟಿಯ ಹಕ್ಕಿಗೆ ತೊಡಕಾಗಬಹುದು ಎಂಬುದನ್ನೂ ಮರೆಯಬಾರದು.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಕಾರುಗಳು ಮುಳುಗಿದ್ದವು. ಗೇರ್‌ಬಾಕ್ಸಿಗೂ ಗಾಳಿಯಾಡುವ ರಂಧ್ರವಿರುತ್ತದೆ. ಅದರ ಮೂಲಕ ನೀರು ಒಳಹೊಕ್ಕರೆ ಎಣ್ಣೆ ಹಾಳಾಗುತ್ತದೆ. ವಿಮೆ ನವೀಕರಿಸುವಾಗ ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚದಲ್ಲಿ ಗೇರ್‌ಬಾಕ್ಸ್ ಸೇರಿದೆಯೇ ಎಂದು ಓದಿನೋಡಬೇಕು. ಕೆಟ್ಟುನಿಂತ ಕಾರನ್ನು ಮುಂಚಕ್ರಗಳು ನೆಲದ ಮೇಲಿರುವಂತೆ ಎಳೆದೊಯ್ಯಬಾರದು.

ಚಾಲಕರನ್ನು ನೇಮಿಸಿಕೊಂಡವರು ಕೆಲವು ಸಂಗತಿಗಳನ್ನು ಅವರಿಗೆ ತಿಳಿಸಿಹೇಳಬೇಕು. ಕಾರು ಪೂರ್ತಿ ನಿಲ್ಲುವ ಮೊದಲು ಡ್ರೈವ್‌ನಿಂದ ರಿವರ್ಸ್‌ಗೆ ಹಾಕಕೂಡದು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ತಡೆಹಿಡಿಯದೆ ಬ್ರೇಕ್ ಬಳಸಬೇಕು. ಇಳಿಜಾರಿನಲ್ಲಿ ನಿಲ್ಲಿಸುವಾಗ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಪಾರ್ಕ್. ದ್ವಿಕ್ಲಚ್ ಕಾರಾದರೆ ದಟ್ಟಣೆಯಲ್ಲಿ ಬ್ರೇಕನ್ನು ಗಟ್ಟಿಯಾಗಿ ಒತ್ತಿ ನಿಂತು, ಮುಂದೆ ಒಂದಷ್ಟು ಜಾಗವಾದ ಮೇಲೆಯೇ ಹೊರಡಬೇಕು.

ಹಳೆಯ ಕಾರು ಕೊಳ್ಳುವವರು ಅದನ್ನು ಬೆಳಿಗ್ಗೆ ತಣ್ಣಗಿರುವಾಗ ಒಮ್ಮೆ, ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಇನ್ನೊಮ್ಮೆ ಪರೀಕ್ಷಿಸತಕ್ಕದ್ದು. ಹೊರಡುವಾಗ ನಡುಕ, ರಿವರ್ಸ್‌ಗೆ ಹಾಕಿದಾಗ ತಡವಾಗಿ ಬರುವ ಹೊಡೆತ, ಎಂಜಿನ್ ಸದ್ದು ಏರಿದರೂ ವೇಗ ಏರದಿರುವುದು, ಇವುಗಳಲ್ಲಿ ಒಂದು ಕಂಡರೂ ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ ಬಿಲ್ಲನ್ನು ಕೇಳಬೇಕು. ಬಿಲ್ಲಿಲ್ಲದಿದ್ದರೆ ಬೆಲೆಯ ಮಾತುಕತೆಯನ್ನು ಪುನಃ ಮೊದಲಿನಿಂದ ಆರಂಭಿಸಬಹುದು.